ಮಳೆ ಬಂದರೆ ಟೀವಿ ಏಕೆ ನಿಲ್ಲುತ್ತದೆ?

ಜೋರು ಮಳೆ ಹಿಡಿದರೆ ಸಾಕು, ಟೀವಿ ಚಿತ್ರ ಚೂರುಚೂರಾಗಿ ನಿಂತುಬಿಡುತ್ತೆ. "ಡಿಶ್ ತಿರುಗಿರಬೇಕು, ಹತ್ತಿ ನೋಡು" ಅಂತಾರೆ ಮನೆಯಲ್ಲಿ. ಆದರೆ ತಪ್ಪು ಡಿಶ್ಶಿನದಲ್ಲ, ಮಳೆಯದು!

ಟೀವಿ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವ ರೇಡಿಯೋ ಅಲೆಗೆ ಮಳೆ ಎದುರಾಗುವುದು ಕೊನೆಯ ಕೆಲವೇ ಕಿ.ಮೀ.ಗಳಲ್ಲಿ. ಈ ಅಲೆಯ ಉದ್ದ ಸುಮಾರು ಎರಡೂವರೆ ಸೆಂ.ಮೀ. ಮಳೆಹನಿಗಳು ಅದರ ಶಕ್ತಿಯನ್ನು ಸ್ವಲ್ಪ ಹೀರುತ್ತವೆ, ಸ್ವಲ್ಪ ಚದುರಿಸುತ್ತವೆ. ಅಲೆ ಇನ್ನೂ ಗಿಡ್ಡವಾದರೆ ನಷ್ಟವೂ ಜಾಸ್ತಿ.

ಈ ನಷ್ಟವನ್ನು ಅಳೆಯೋದು ಹೇಗೆ? ಉಪಗ್ರಹದಿಂದ ಒಂದೇ ಸಮನಾದ ಶಕ್ತಿಯ ಸಂಕೇತ ಕಳಿಸುತ್ತಾರೆ. ಅದಕ್ಕೆ ಬೀಕನ್ ಎಂದು ಹೆಸರು. ನೆಲದ ಮೇಲಿನ ರಿಸೀವರ್ ಅದನ್ನು ಹಗಲೂ ರಾತ್ರಿ ದಾಖಲಿಸುತ್ತದೆ. ಪಕ್ಕದಲ್ಲೇ ಮಳೆಮಾಪಕ ಇರುತ್ತೆ. ಮೋಡವಿಲ್ಲದ ದಿನ ಎಷ್ಟು ಬಂತು, ಮಳೆಯಲ್ಲಿ ಎಷ್ಟು ಬಂತು ಎಂದು ಹೋಲಿಸಿದರೆ ನಷ್ಟ ಸಿಕ್ಕಿತು. ಲೆಕ್ಕ ಡೆಸಿಬೆಲ್‌ನಲ್ಲಿ. 3 ಡೆಸಿಬೆಲ್ ನಷ್ಟವಾದರೆ ಉಳಿಯುವುದು ಅರ್ಧ. 10 ಆದರೆ ಹತ್ತರಲ್ಲಿ ಒಂದು ಪಾಲು. 20 ಆದರೆ ನೂರರಲ್ಲಿ ಒಂದೇ ಪಾಲು!

2014ರ ಜನವರಿ 5ರಂದು ಇಸ್ರೋ ಹಾರಿಸಿದ ಜಿಸ್ಯಾಟ್-14 ಉಪಗ್ರಹದಲ್ಲಿ ಇಂಥ ಅಧ್ಯಯನಕ್ಕೆಂದೇ ಬೀಕನ್‌ಗಳಿದ್ದವು. ಮಳೆಯಲ್ಲೂ ಸಂಕೇತ ತಲುಪಬೇಕಾದರೆ ಎಷ್ಟು ಶಕ್ತಿ ಹೆಚ್ಚಿಗೆ ಇಟ್ಟುಕೊಳ್ಳಬೇಕು ಎಂಬುದು ಇಂಥ ಅಳತೆಗಳಿಂದಲೇ ತಿಳಿಯುವುದು.

ಆದ್ದರಿಂದ ಗುಡುಗು ಸಿಡಿಲಿನಲ್ಲಿ ಡಿಶ್ ತಿರುಗಿಸಲು ಮಾಳಿಗೆ ಹತ್ತಬೇಡಿ. ಮನೆಯವರಿಗೂ ಹೇಳಿ. ಮಳೆ ಕಡಿಮೆಯಾದ ಮೇಲೆ ಚಿತ್ರ ತಾನಾಗಿಯೇ ಬರುತ್ತೆ.