ನಿಮಗಿದು ಗೊತ್ತೇ? ಕಿವಿಗೊಂದು ಬುತ್ತಿ!

ಕಲಬುರಗಿಯಿಂದ ಕಮಲಾಪುರ ಎಷ್ಟು ದೂರ? ಮೂವತ್ತೈದು ಕಿಲೋಮೀಟರ್ ಆಸುಪಾಸು ಅಂತೀರಿ. ಇನ್ನೊಂದು ಲೆಕ್ಕ ಕೇಳ್ರಿ: ಒಂದು ಪಾಡ್‌ಕಾಸ್ಟ್ ದೂರ! ಹುಮನಾಬಾದ್ ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ. ಕಂಡಕ್ಟರ್ "ಕಮಲಾಪುರ, ಇಳೀರಿ" ಅನ್ನುವಷ್ಟರಲ್ಲಿ ಒಂದು ಕಂತು ಮುಗಿದಿರುತ್ತದೆ!

ಪಾಡ್‌ಕಾಸ್ಟ್ ಅಂದರೆ ಏನು ಅಂತ ಇನ್ನೂ ಕೇಳುವವರಿದ್ದಾರೆ. ರೇಡಿಯೊ ಅಂದರೆ ಪಂಕ್ತಿ ಊಟ. ಹೊತ್ತಿಗೆ ಸರಿಯಾಗಿ ಕೂತರೆ ಉಂಟು, ತಡವಾದರೆ ಇಲ್ಲ. ಪಾಡ್‌ಕಾಸ್ಟ್ ಅಂದರೆ ಬುತ್ತಿ. ಮೊಬೈಲಿನಲ್ಲಿ ಕಟ್ಟಿಟ್ಟುಕೊಳ್ಳಿ, ಹಸಿವಾದಾಗ ಬಿಚ್ಚಿ! ಹೆಚ್ಚಿನವಕ್ಕೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ.

ಆ ಹೆಸರು ಹುಟ್ಟಿದ್ದು ಹೇಗೆ ಗೊತ್ತೇ? 2004ರ ಫೆಬ್ರುವರಿ. ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಗೆ ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತ ಒಂದು ಲೇಖನ ಬರೆದರು. ಪುಟ ತುಂಬಲು ಒಂದು ಸಾಲು ಕಡಿಮೆ ಬಿತ್ತು. ಈ ಹೊಸ ಸಂಗತಿಯನ್ನು ಏನೆಂದು ಕರೆಯೋಣ ಅಂತ ಮೂರು ಹೆಸರು ಹೊಸೆದು ಆ ಜಾಗ ತುಂಬಿಸಿದರು. ಅದರಲ್ಲಿ ಒಂದು ಪಾಡ್‌ಕಾಸ್ಟಿಂಗ್! ಮರುವರ್ಷ ಅಮೆರಿಕದ ಆಕ್ಸ್‌ಫರ್ಡ್ ನಿಘಂಟು ಪಾಡ್‌ಕಾಸ್ಟ್ ಅನ್ನೇ ವರ್ಷದ ಪದವೆಂದು ಆರಿಸಿತು.

ಇನ್ನೂ ಸೋಜಿಗ ಇದೆ. ಹೆಸರಿನ ಅರ್ಧ ಭಾಗ ಬಂದದ್ದು ಆಪಲ್ ಕಂಪನಿಯ ಐಪಾಡ್ ಯಂತ್ರದಿಂದ. 2022ರಲ್ಲಿ ಐಪಾಡ್ ತಯಾರಿಕೆಯೇ ನಿಂತುಹೋಯಿತು. ಯಂತ್ರ ಹೋಯಿತು, ಹೆಸರು ಉಳಿಯಿತು!

ಈಗ ಕನ್ನಡಕ್ಕೆ ಬರ್ರಿ. ಕನ್ನಡದಲ್ಲಿ ಮೊದಲು ಯಾವುದನ್ನು ಕೇಳಲಿ ಅಂದರೆ ನಾನು ಕಣ್ಣುಮುಚ್ಚಿ ಹೇಳುವ ಹೆಸರು "ತಲೆ-ಹರಟೆ". 2019ರಲ್ಲಿ ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ಶುರು ಮಾಡಿದರು. ಆಮೇಲೆ ಸೂರ್ಯಪ್ರಕಾಶ್ ಜೊತೆಯಾದರು. ಹೆಸರಿನ ಚಮತ್ಕಾರ ನೋಡಿ. ಕೂಡಿಸಿ ಬರೆದರೆ ತುಂಟತನ, ಅಧಿಕಪ್ರಸಂಗ. ನಡುವೆ ಒಂದು ಗೆರೆ ಹಾಕಿದರೆ ತಲೆ ಇಟ್ಟುಕೊಂಡು ಆಡುವ ಹರಟೆ! ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರ, ಸಿನಿಮಾ, ಊಟ, ಯಾವುದನ್ನೂ ಬಿಟ್ಟಿಲ್ಲ. ಕಟ್ಟೆಯ ಮೇಲೆ ಕೂತ ಗೆಳೆಯರ ಮಾತಿನ ಹಾಗೆ ಹರಿಯುತ್ತದೆ. ದೊಡ್ಡ ವಿಷಯಗಳನ್ನು ಮನೆಯ ಕನ್ನಡದಲ್ಲಿ ಮಾತಾಡಬಹುದು ಅಂತ ಇವರು ಮಾಡಿ ತೋರಿಸಿದ್ದು ನನಗೆ ಬಹಳ ದೊಡ್ಡದು ಅನಿಸುತ್ತದೆ.

ಕಥೆ ಬೇಕೇ? "ಸಂಧ್ಯಾವಾಣಿ" ಹಾಕಿಕೊಳ್ಳಿ. ತರಂಗ ವಾರಪತ್ರಿಕೆಯ ಸಂಪಾದಕಿ ಡಾ. ಸಂಧ್ಯಾ ಎಸ್. ಪೈ ತಮ್ಮದೇ ದನಿಯಲ್ಲಿ ಕಥೆ ಹೇಳುತ್ತಾರೆ. ಇಷ್ಟು ವರ್ಷ ಅಕ್ಷರದಲ್ಲಿ ಓದಿದವರನ್ನು ಈಗ ಕಿವಿಯಲ್ಲೇ ಭೇಟಿಯಾಗಬಹುದು! ರಾತ್ರಿ ಅಜ್ಜಿ ಹೇಳಿ ಮಲಗಿಸಿದಷ್ಟು ಪುಟ್ಟ ಕಥೆಗಳು. ಮಕ್ಕಳ ಜೊತೆ ಕೂತು ಕೇಳಿ.

ಇಡೀ ಕಾದಂಬರಿಯನ್ನೇ ಕೇಳುವ ಆಸೆಯೇ? ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡ ಪುಸ್ತಕಗಳು ಮಾತಾಡುತ್ತವೆ! ಇದಕ್ಕೆ ದುಡ್ಡು ಕೊಡಬೇಕು. ಆದರೆ ಹೊಲದಲ್ಲಿ ತೊಗರಿ ಬಿಡಿಸುತ್ತ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಒಂದು ಕಾದಂಬರಿ ಮುಗಿಸಬಹುದು ಅಂದರೆ ಸಣ್ಣ ಮಾತೇ?

ಈಗ ಒಂದು ಪ್ರಶ್ನೆ. ಕಲಬುರಗಿಯಲ್ಲಿ ನೆಲೆನಿಂತ ಒಬ್ಬರ ಮಾತುಕತೆಯನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಿದ್ದು ಯಾವಾಗ? ಮೊಬೈಲ್ ಬಂದಮೇಲೆ ಅಂದಿರಾ? ಆರು ನೂರು ವರ್ಷಗಳ ಹಿಂದಿನ ಲೆಕ್ಕ ಕೊಡುತ್ತೇನೆ! ಸೂಫಿ ಸಂತ ಖಾಜಾ ಬಂದೇನವಾಜರು ಶಿಷ್ಯರ ನಡುವೆ ಕೂತು ಆಡಿದ ಮಾತುಗಳನ್ನು ಅವರ ಮಗ ಸೈಯದ್ ಅಕ್ಬರ್ ಹುಸೇನಿ ಬರೆದಿಟ್ಟರು. ಆ ಗ್ರಂಥ "ಜವಾಮಿ ಉಲ್ ಕಲಿಮ್". ಸೂಫಿಗಳು ಇಂಥ ಬರಹಕ್ಕೆ ಮಲ್ಫೂಜಾತ್ ಎನ್ನುತ್ತಾರೆ. ಗುರು ಮಾತಾಡುವುದು, ಕೂತವರು ಪ್ರಶ್ನೆ ಕೇಳುವುದು, ಒಬ್ಬರು ದಾಖಲಿಸುವುದು, ದೂರದಲ್ಲಿದ್ದವರಿಗೆ ಅದು ತಲುಪುವುದು. ಪಾಡ್‌ಕಾಸ್ಟಿನ ಚೌಕಟ್ಟು ಇದಲ್ಲದೆ ಇನ್ನೇನು! ಅಂದಹಾಗೆ ಬಂದೇನವಾಜರು ಹುಟ್ಟಿದ್ದು 1321ರಲ್ಲಿ, ತೀರಿಕೊಂಡದ್ದು 1422ರಲ್ಲಿ. ನೂರು ದಾಟಿದ ಬಾಳು!

ಅದಕ್ಕೂ ಐದೂವರೆ ನೂರು ವರ್ಷ ಹಿಂದೆ ಹೋಗೋಣ. ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಅರಸು ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ "ಕವಿರಾಜಮಾರ್ಗ" ನಮಗೆ ದೊರೆತ ಕನ್ನಡದ ಮೊದಲ ಗ್ರಂಥ. ಅದರಲ್ಲಿ ಕನ್ನಡಿಗರ ಬಗ್ಗೆ ಏನಿದೆ ಗೊತ್ತೇ? ಓದು ಬಾರದವರಿಗೂ ಇಲ್ಲಿ ಕಾವ್ಯ ಗೊತ್ತು ಅಂತ! ಕಿವಿಯಿಂದ ಕಲಿತ ನಾಡು ಅಂತ ಕನ್ನಡದ ಮೊದಲ ಪುಸ್ತಕವೇ ಸಾಕ್ಷಿ ಹೇಳುತ್ತಿದೆ.

ವಾರಕ್ಕೊಂದು ಕಂತು ಬಿಟ್ಟು ಕೇಳುಗರನ್ನು ಕಾಯಿಸುವುದೂ ಹೊಸದಲ್ಲ. ಶ್ರಾವಣದಲ್ಲಿ ನಮ್ಮ ಮಠಗಳಿಗೆ ಹೋಗಿ ನೋಡಿ. ಸಂಜೆಯಾದರೆ ಪುರಾಣ. ಕಥೆ ಕುತೂಹಲದ ಜಾಗಕ್ಕೆ ಬಂದಾಗ ನಾಳೆಗೆ ನಿಲ್ಲುತ್ತದೆ. ಒಂದು ತಿಂಗಳ ಧಾರಾವಾಹಿ!

ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೊಡುತ್ತಿದ್ದ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಅವರು ವಿನಯದಿಂದ ಬೇಡವೆಂದರು. ಅವರ ಪ್ರವಚನಗಳ ಆಡಿಯೊ ಇವತ್ತು ಎಷ್ಟು ಜನರ ಜೇಬಿನಲ್ಲಿದೆ! ಮನಸ್ಸು ತಣ್ಣಗಾಗಬೇಕು ಅನ್ನುವವರಿಗೆ ನಾನು ಸೂಚಿಸುವುದು ಅದನ್ನೇ. ದನಿ ಏರಿಸದೆ, ಗಡಿಬಿಡಿ ಮಾಡದೆ ಹೇಳುತ್ತಾರೆ. ಕೇಳುತ್ತ ಕೇಳುತ್ತ ನಮ್ಮ ಉಸಿರೂ ನಿಧಾನವಾಗುತ್ತದೆ.

ರೇಡಿಯೊ ಮಾತು ಬಿಡಲಾದೀತೇ? ಕಲಬುರಗಿ ಆಕಾಶವಾಣಿ 1966ರಿಂದ ಮಾತಾಡುತ್ತಿದೆ. ನಗರದಲ್ಲಿ "ಅಂತರವಾಣಿ 90.8" ಎಂಬ ಸಮುದಾಯ ರೇಡಿಯೊ ಕೂಡ ಇದೆ. ಊರಿನವರೇ ಊರಿನವರಿಗಾಗಿ!

ಆಕಾಶವಾಣಿ ಅನ್ನುವ ಹೆಸರು ದೆಹಲಿಯದು ಅಂದುಕೊಂಡಿರಾ? ಅಲ್ಲ, ಮೈಸೂರಿನದು! ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಟ್ರಾನ್ಸ್‌ಮಿಟರ್ ಶಕ್ತಿ ಬರೀ 30 ವ್ಯಾಟ್. ಒಂದು ಸಣ್ಣ ಬಲ್ಬಿನಷ್ಟು! ಅಲ್ಲಿ ಹುಟ್ಟಿದ ಹೆಸರು ಮುಂದೆ ಇಡೀ ದೇಶದ್ದಾಯಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯ ಕಥೆ ನನಗೆ ಇನ್ನೂ ಇಷ್ಟ. 2003ರ ಸುಮಾರಿಗೆ ಹಳ್ಳಿಯವರು ತಮ್ಮದೇ ರೇಡಿಯೊ ಮಾಡಲು ಹೊರಟರು. ಗಾಳಿಯಲ್ಲಿ ಪ್ರಸಾರ ಮಾಡಲು ಕಾನೂನು ಬಿಡುತ್ತಿರಲಿಲ್ಲ. ಏನು ಮಾಡಿದರು? ಟಿವಿಯ ಕೇಬಲ್ ತಂತಿಯಲ್ಲೇ ದನಿಯನ್ನು ಮನೆಮನೆಗೆ ಕಳಿಸಿದರು! ಹೆಸರು "ನಮ್ಮ ಧ್ವನಿ". ಗಾಳಿ ಬೇಡವೆಂದರೆ ತಂತಿ!

ಈಗ ಇಂಗ್ಲಿಷ್ ಪಾಡ್‌ಕಾಸ್ಟುಗಳ ಕಡೆ ಹೊರಳೋಣ. ಸಂಗೀತ ಪ್ರಿಯರೇ, ನಿಮಗೆ "ಸಾಂಗ್ ಎಕ್ಸ್‌ಪ್ಲೋಡರ್". 2014ರಲ್ಲಿ ಶುರುವಾಯಿತು. ಮಾಡಿದವರು ಭಾರತೀಯ ಮೂಲದ ಹೃಷಿಕೇಶ್ ಹಿರ್ವೆ. ಹಾಡು ಕಟ್ಟಿದವರೇ ಬಂದು ತಮ್ಮ ಹಾಡನ್ನು ಗಡಿಯಾರ ಬಿಚ್ಚಿದ ಹಾಗೆ ಬಿಚ್ಚಿ ತೋರಿಸುತ್ತಾರೆ. ಇದು ಡ್ರಮ್, ಇದು ದನಿ, ಇದು ನಾನು ತಪ್ಪಿ ನುಡಿಸಿದ್ದು, ಚೆನ್ನಾಗಿದೆ ಅಂತ ಇಟ್ಟುಕೊಂಡೆ. ಕೊನೆಗೆ ಹಾಡು ಪೂರ್ತಿ ಬಂದಾಗ, ಮೊದಲು ಕೇಳದ ಹತ್ತು ಸಂಗತಿ ಕೇಳಿಸುತ್ತವೆ! ನಮ್ಮ ತತ್ವಪದದ ಏಕತಾರಿಯವರಿಗೂ ಹೀಗೊಬ್ಬರು ಮೈಕ್ ಹಿಡಿಯಬಾರದೇ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಹಾಡಿನ ಮಾತು ಬಂತು, ಗೌಹರ್ ಜಾನ್ ನೆನಪಾದರು. 1902ರಲ್ಲಿ ಗ್ರಾಮಫೋನಿಗೆ ಹಾಡಿದ ಭಾರತದ ಮೊದಮೊದಲ ಗಾಯಕಿ. ಪ್ರತಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಯಾಕೆ? ರೆಕಾರ್ಡ್ ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಅಂತ ಅಲ್ಲಿಯ ಕೆಲಸಗಾರರಿಗೆ ಗೊತ್ತಾಗಬೇಕಲ್ಲ! ಅವರು ಕೊನೆಯುಸಿರೆಳೆದದ್ದು ಎಲ್ಲಿ ಗೊತ್ತೇ? ನಮ್ಮ ಮೈಸೂರಿನಲ್ಲಿ, 1930ರಲ್ಲಿ!

ಕ್ರಿಕೆಟ್ ಹುಚ್ಚರಿಗೆ "81 ಆಲ್ ಔಟ್". ಹೆಸರೇ ಒಂದು ಗಾಯ! 1997, ಬಾರ್ಬಡೋಸ್. ಭಾರತಕ್ಕೆ ಗೆಲ್ಲಲು ಬೇಕಿದ್ದದ್ದು 120 ರನ್. ನಾಯಕ ತೆಂಡೂಲ್ಕರ್. ತಂಡದಲ್ಲಿ ನಮ್ಮ ದ್ರಾವಿಡ್, ಕುಂಬ್ಳೆ, ವೆಂಕಟೇಶ್ ಪ್ರಸಾದ್. 81ಕ್ಕೆ ಎಲ್ಲರೂ ಔಟ್! ಎರಡಂಕಿ ಮುಟ್ಟಿದ್ದು ಲಕ್ಷ್ಮಣ್ ಒಬ್ಬರೇ, 19 ರನ್. ಆ ಸೋಲಿನ ಹೆಸರನ್ನೇ ಹೊತ್ತುಕೊಂಡು ಕ್ರಿಕೆಟ್ ಪ್ರೀತಿಸುವ ಪಾಡ್‌ಕಾಸ್ಟ್ ಇದು.

ಇತಿಹಾಸ? ವಿಲಿಯಂ ಡಾಲ್ರಿಂಪಲ್ ಮತ್ತು ಅನಿತಾ ಆನಂದ್ ನಡೆಸುವ "ಎಂಪೈರ್". 2022ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಥೆಯಿಂದಲೇ ಶುರು ಮಾಡಿದರು.

ಉದ್ದದ ಮಾತು ಬೇಕೇ? ಅಮಿತ್ ವರ್ಮಾ ಅವರ "ದಿ ಸೀನ್ ಅಂಡ್ ದಿ ಅನ್‌ಸೀನ್". 2017ರಲ್ಲಿ ಶುರುವಾದಾಗ ಕಂತು ಇಪ್ಪತ್ತು ನಿಮಿಷದ್ದು. ಈಗ ಐದು ಗಂಟೆ ದಾಟಿದ ಕಂತುಗಳಿವೆ! ಕಲಬುರಗಿಯಲ್ಲಿ ಬೆಂಗಳೂರಿನ ರಾತ್ರಿ ರೈಲು ಹತ್ತಿ ಎರಡು ಕಂತು ಹಾಕಿಕೊಂಡರೆ ಊರೇ ಬಂದುಬಿಡುತ್ತದೆ.

ಅಪರಾಧದ ಕಥೆ ಅಂದರೆ "ಸೀರಿಯಲ್". 2014ರಲ್ಲಿ ಸಾರಾ ಕೊನಿಗ್ ಎಂಬ ಪತ್ರಕರ್ತೆ ಹಳೆಯ ಕೊಲೆ ಪ್ರಕರಣವೊಂದನ್ನು ಕಂತುಕಂತಾಗಿ ಬಿಚ್ಚಿದರು. ಪೀಬಾಡಿ ಪ್ರಶಸ್ತಿ ಪಡೆದ ಮೊದಲ ಪಾಡ್‌ಕಾಸ್ಟ್!

ಅಮೆರಿಕದ ಅಧ್ಯಕ್ಷರು ಒಬ್ಬ ಹಾಸ್ಯಗಾರನ ಮನೆಯ ಗ್ಯಾರೇಜಿಗೆ ಬಂದು ಕೂತದ್ದು ಕೇಳಿದ್ದೀರಾ? 2015ರ ಜೂನ್. ಲಾಸ್ ಏಂಜಲೀಸ್‌ನ ಮಾರ್ಕ್ ಮರೋನ್ ಅವರ ಪಾಡ್‌ಕಾಸ್ಟಿಗೆ ಬರಾಕ್ ಒಬಾಮ ಬಂದರು. ಪಕ್ಕದ ಮನೆಯ ಮಾಳಿಗೆಯ ಮೇಲೆ ಬಂದೂಕು ಹಿಡಿದ ಕಾವಲಿನವರು. ಒಳಗೆ ಗ್ಯಾರೇಜಿನಲ್ಲಿ ಇಬ್ಬರು ಕೂತು ಹರಟೆ!

ನಿದ್ದೆ ಬರುತ್ತಿಲ್ಲವೇ? ನಿಮ್ಮನ್ನು ಮಲಗಿಸಲೆಂದೇ ಒಂದು ಪಾಡ್‌ಕಾಸ್ಟ್ ಇದೆ. ಡ್ರೂ ಆ್ಯಕರ್ಮನ್ ಎಂಬುವರು 2013ರಿಂದ ಬೇಕೆಂದೇ ಬೇಸರ ತರಿಸುವ ಕಥೆ ಹೇಳುತ್ತಿದ್ದಾರೆ. ತಲೆಯಿಲ್ಲ, ಬುಡವಿಲ್ಲ, ಗೊಣಗೊಣ ದನಿ. ಕೇಳುಗರು ಕೊನೆ ಮುಟ್ಟದಿದ್ದರೆ ಅದೇ ಗೆಲುವು!

ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು "ಎವೆರಿಥಿಂಗ್ ಈಸ್ ಅಲೈವ್". ಇಯಾನ್ ಚಿಲಾಗ್ ಇಲ್ಲಿ ಮನುಷ್ಯರನ್ನು ಸಂದರ್ಶಿಸುವುದಿಲ್ಲ. ವಸ್ತುಗಳನ್ನು ಸಂದರ್ಶಿಸುತ್ತಾರೆ! 2018ರ ಮೊದಲ ಅತಿಥಿ ಒಂದು ಕೋಲಾ ಡಬ್ಬಿ. ನಟರೊಬ್ಬರು ಡಬ್ಬಿಯ ದನಿಯಾಗುತ್ತಾರೆ. ಡಬ್ಬಿ ತನ್ನ ಬಾಳಿನ ಬಗ್ಗೆ ಮಾತಾಡುತ್ತದೆ, ಯಾರಾದರೂ ತನ್ನನ್ನು ಕುಡಿಯುವ ದಿನದ ಬಗ್ಗೆ ಯೋಚಿಸುತ್ತದೆ. ಕೇಳುತ್ತ ಗಂಟಲು ಕಟ್ಟುತ್ತದೆ, ಬರೀ ಒಂದು ಡಬ್ಬಿಗಾಗಿ!

ಹಾಗಾದರೆ ಕನ್ನಡದ ದನಿ ಎಲ್ಲಿಯವರೆಗೆ ಹೋಗಿದೆ? ಬೆಂಗಳೂರು? ಅಮೆರಿಕ? ಸೂರ್ಯನ ಗ್ರಹಗಳನ್ನೂ ದಾಟಿ ಹೋಗಿದೆ! 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ರೆಕಾರ್ಡ್ ಇಟ್ಟರು. ಅದರಲ್ಲಿ 55 ಭಾಷೆಗಳ ಶುಭಾಶಯ. ಕನ್ನಡಿಗರ ಪರವಾಗಿ ಹೇಳಿದ ನಮಸ್ಕಾರವೂ ಅಲ್ಲಿದೆ. ಅದು ಈಗಲೂ ಸಾಗುತ್ತಲೇ ಇದೆ!

ಮತ್ತೆ ಭೂಮಿಗೆ ಇಳಿಯೋಣ. ಕಲಬುರಗಿ–ಬೀದರ್ ರೈಲು ಹಿಡಿಯುವವರಿಗೆ ಒಂದು ಮಾತು. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಈ ಮಾರ್ಗದಲ್ಲಿ ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗವಿದೆ. ಸುರಂಗದಲ್ಲಿ ನೆಟ್‌ವರ್ಕ್ ನೆಚ್ಚಬೇಡಿ. ಮನೆಯಲ್ಲೇ ಕಂತು ಡೌನ್‌ಲೋಡ್ ಮಾಡಿಕೊಳ್ಳಿ. ಕತ್ತಲೆಯಲ್ಲೂ ಮಾತು ತುಂಡಾಗದು!

ನೀವೇ ಒಂದು ಪಾಡ್‌ಕಾಸ್ಟ್ ಮಾಡಲು ಎಷ್ಟು ಖರ್ಚು? ಒಂದು ಮೊಬೈಲ್, ಎರಡು ಕೌದಿ! ನಿಜ ಹೇಳುತ್ತಿದ್ದೇನೆ. ಬರಿಗೋಡೆಯ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮರಳಿ ಬಂದು ಗೊಂಯ್‌ಗುಡುತ್ತದೆ. ದಪ್ಪ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಹೊರದೇಶದಲ್ಲಿ ಎಷ್ಟೋ ಜನ ಬಟ್ಟೆಯ ಕಪಾಟಿನೊಳಗೆ ಕೂತು ರೆಕಾರ್ಡ್ ಮಾಡುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಅವ್ವ ಹಳೆ ಸೀರೆ ಪದರ ಪದರವಾಗಿ ಹೊಲಿದ ಕೌದಿ ಇದೆ. ಹಗ್ಗ ಕಟ್ಟಿ ಹಿಂದೆ ಒಂದು, ಪಕ್ಕಕ್ಕೆ ಒಂದು ಇಳಿಬಿಡಿ. ಸ್ಟುಡಿಯೊ ಸಿದ್ಧ!

ಮೊದಲ ಕಂತಿಗೆ ವಿಷಯ ಹುಡುಕಬೇಕಿಲ್ಲ. ಕಮಲಾಪುರದ ಕೆಂಪು ಬಾಳೆ ಇದೆಯಲ್ಲ! ಸಿಪ್ಪೆ ಕೆಂಪು, ಬೆಲೆ ಬೇರೆ ಬಾಳೆಗಿಂತ ಮೇಲೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಗೊನೆ ಕೈಗೆ ಬರಲು ಮಾಮೂಲಿ ಬಾಳೆಗಿಂತ ಹೆಚ್ಚು ತಿಂಗಳು ಕಾಯಬೇಕು. ಆ ಕಾಯುವಿಕೆ ಹೇಗಿರುತ್ತದೆ ಅಂತ ತೋಟದ ಅಜ್ಜನನ್ನು ಕೇಳಿ, ರೆಕಾರ್ಡ್ ಗುಂಡಿ ಒತ್ತಿ. ಇಲ್ಲವೇ ಆ ಕೋಲಾ ಡಬ್ಬಿಯ ಹಾಗೆ ಬಾಳೆಹಣ್ಣನ್ನೇ ಮಾತಾಡಿಸಿ. ಮುಂದಿನ ಸಲ ನಾನು ಹುಮನಾಬಾದ್ ಬಸ್ ಹತ್ತಿದಾಗ ಕಿವಿಗೆ ಅದೇ ಬೇಕು!