ಚೀಲದಲ್ಲಿ ಕೂತ ರಕ್ತ, ಮೈಗೇರುವ ಚಳಿಜ್ವರ

ಬೋರನಕಣಿವೆಯ ಆಸುಪಾಸಿನಲ್ಲಿ ಉಂಡೆ ಕೊಬ್ಬರಿ ಮಾಡುವವರಿಗೆ ಈ ಮಾತು ಹೊಸದಲ್ಲ: ಅಟ್ಟಕ್ಕೆ ಏರಿಸಿದ ಕಾಯಿ ಹತ್ತು-ಹನ್ನೆರಡು ತಿಂಗಳು ಸುಮ್ಮನೆ ಬಿದ್ದಿರುವಂತೆ ಕಂಡರೂ ಒಳಗೆ ಕೆಲಸ ನಡೆದೇ ಇರುತ್ತದೆ. ನೀರು ಇಂಗುತ್ತದೆ, ತಿರುಳು ಕರಟದಿಂದ ಬಿಡುತ್ತದೆ, ಒಡಕು ಕಾಯಿ ಸೇರಿಕೊಂಡಿದ್ದರೆ ಕೊಳೆಯುತ್ತದೆ. ರಕ್ತನಿಧಿಯ ಶೀತಕದಲ್ಲಿರುವ ಚೀಲವೂ ಹಾಗೆಯೇ, ಸುಮ್ಮನೆ ಕೂತಿರುವುದಿಲ್ಲ.

ದಾನಿಯಿಂದ ಪಡೆದ ಒಂದು ಚೀಲ ರಕ್ತದಲ್ಲಿ ನೂರು ಕೋಟಿಗೂ ಮೀರಿ ಬಿಳಿ ರಕ್ತಕಣಗಳಿರುತ್ತವೆ. ದಾನಿಯ ಮೈಯಲ್ಲಿ ಅವು ಕಾವಲುಗಾರರು. ರೋಗಿಗೆ ಮಾತ್ರ ಸಾಮಾನ್ಯವಾಗಿ ಬೇಡದ ನೆಂಟರು. 2ರಿಂದ 6 ಡಿಗ್ರಿ ತಂಪಿನಲ್ಲಿ ಕೆಂಪು ಕಣಗಳು, ಬೆರೆಸಿದ ದ್ರಾವಣಕ್ಕೆ ತಕ್ಕಂತೆ, 35 ಅಥವಾ 42 ದಿನ ಬಾಳುತ್ತವೆ. ಬಿಳಿ ಕಣಗಳಿಗೆ ಅಷ್ಟು ತಾಳಿಕೆ ಇಲ್ಲ. ಅವು ಒಡೆದು ತಮ್ಮೊಳಗಿನ ಹಿಸ್ಟಮಿನ್, ಕಿಣ್ವ ಮುಂತಾದವನ್ನು ಸುತ್ತಲಿನ ಪ್ಲಾಸ್ಮಾಕ್ಕೆ, ಅಂದರೆ ರಕ್ತದ ತಿಳಿಗೆ, ಚೆಲ್ಲುತ್ತವೆ. ಪ್ಲೇಟ್‌ಲೆಟ್ ಚೀಲದ ಕತೆ ಬೇರೆ. ಅದನ್ನು 20ರಿಂದ 24 ಡಿಗ್ರಿಯಲ್ಲಿ ಇಡಬೇಕು. ಆ ಬೆಚ್ಚಗಿನಲ್ಲಿ ಬಿಳಿ ಕಣಗಳು ಜೀವಂತವಾಗಿದ್ದುಕೊಂಡೇ ಜ್ವರ ತರಿಸುವ ಸೈಟೊಕೈನ್‌ಗಳನ್ನು ತಯಾರಿಸುತ್ತವೆ.

ಜ್ವರಕ್ಕೆ ಕಣಗಳೇ ಕಾರಣವೆಂದು ವೈದ್ಯರು ಬಹುಕಾಲ ನಂಬಿದ್ದರು. 1994ರಲ್ಲಿ ಕೆನಡಾದ ನ್ಯಾನ್ಸಿ ಹೆಡಲ್ ಮತ್ತು ಸಂಗಡಿಗರು ಪ್ಲೇಟ್‌ಲೆಟ್ ಚೀಲದ ಕಣಗಳನ್ನೂ ಪ್ಲಾಸ್ಮಾವನ್ನೂ ಬೇರ್ಪಡಿಸಿ, ರೋಗಿಗಳಿಗೆ ಒಂದಾದ ಮೇಲೊಂದು ಕೊಟ್ಟು ನೋಡಿದರು. ಹೆಚ್ಚು ಚಳಿಜ್ವರ ತಂದದ್ದು ಪ್ಲಾಸ್ಮಾ! ಎಷ್ಟು ಸರಳ ಪ್ರಯೋಗ, ಎಂಥ ತಿರುವು.

ಈ ಜ್ವರ ಬಹುಪಾಲು ತಾನಾಗಿ ಇಳಿಯುತ್ತದೆ. ಆದರೆ ಗುಂಪು ಹೊಂದದ ರಕ್ತವೂ, ಸೋಂಕಾದ ರಕ್ತವೂ ಮೊದಲು ತೋರುವುದು ಇದೇ ಚಳಿಜ್ವರವನ್ನು. ಆದ್ದರಿಂದ ವೈದ್ಯರು ಅದನ್ನು ಕಂಡ ಕೂಡಲೇ ರಕ್ತ ನಿಲ್ಲಿಸಲೇಬೇಕು. ತೆಂಗಿನ ಮರದಿಂದ ಬಿದ್ದವನಿಗೋ, ಹೆರಿಗೆಯಲ್ಲಿ ರಕ್ತ ಹೋದ ಬಾಣಂತಿಗೋ ದೂರದ ಪಟ್ಟಣದಿಂದ ಓಡಾಡಿ ತಂದ ಚೀಲ ಅರ್ಧಕ್ಕೇ ಬಿಸಾಡಬೇಕಾಗಿ ಬಂದರೆ ಮನೆಯವರ ಪಾಡೇನು?

ಪರಿಹಾರ ಶೋಧಕ, ಅಂದರೆ ಬಿಳಿ ಕಣಗಳನ್ನು ಹಿಡಿದಿಡುವ ಫಿಲ್ಟರ್. ಯಾವಾಗ ಸೋಸಬೇಕೆಂಬುದೇ ಇಲ್ಲಿ ಮುಖ್ಯ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಸೋಸಿದರೆ ಕಣಗಳು ನಿಲ್ಲುತ್ತವೆ. ಆಗಲೇ ಪ್ಲಾಸ್ಮಾದಲ್ಲಿ ಕರಗಿರುವ ವಸ್ತುಗಳಲ್ಲಿ ಬಹಳಷ್ಟು ದಾಟಿಹೋಗುತ್ತವೆ. ಒಡಕು ಕಾಯನ್ನು ಆರಿಸಬೇಕಾದ್ದು ಅಟ್ಟಕ್ಕೇರಿಸುವ ಮುನ್ನ ತಾನೆ? ಬ್ರಿಟನ್ 1999ರಿಂದ ಎಲ್ಲ ರಕ್ತವನ್ನೂ ಸಂಗ್ರಹಕ್ಕೆ ಮುನ್ನವೇ ಸೋಸುತ್ತಿದೆ (ಅಲ್ಲಿ ನೆಪವಾದದ್ದು ಹುಚ್ಚು ಹಸು ರೋಗದ ಭಯ). ನಮ್ಮಲ್ಲಿ ಅದು ಎಲ್ಲ ಚೀಲಕ್ಕೂ ಕಡ್ಡಾಯವಲ್ಲ. ಫಿಲ್ಟರಿನ ಬೆಲೆ ಅಡ್ಡ ಬರುತ್ತದೆ. ಪದೇ ಪದೇ ರಕ್ತ ಬೇಕಾಗುವ ಥಲಸ್ಸೀಮಿಯಾ ಮಕ್ಕಳಿಗಾದರೂ ಈ ಖರ್ಚು ದುಂದಲ್ಲವೆಂದೇ ನನ್ನ ಎಣಿಕೆ.

ಇಷ್ಟಕ್ಕೇ ಹಳೆಯ ರಕ್ತವೆಲ್ಲ ವಿಷವೆಂದು ಹೆದರಬೇಕಿಲ್ಲ. ತೀವ್ರ ನಿಗಾ ಘಟಕದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ತಾಜಾ ರಕ್ತ ಪಡೆದವರು ಹೆಚ್ಚೇನೂ ಬದುಕುಳಿಯಲಿಲ್ಲ. ಆದರೆ ಅಲ್ಲಿ ಬಳಸಿದ್ದು ಸೋಸಿದ ರಕ್ತ. ಹಿಂದೊಮ್ಮೆ ರಕ್ತ ಏರಿಸಿದಾಗ ಚಳಿ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಸೋಸಿದ ಚೀಲ ತರಿಸಲು ಅವರಿಗೆ ಸಮಯ ಬೇಕಾಗುತ್ತದೆ.