ಮೂರು ಕಲ್ಲುಗಳು ಹೇಳುವ ನೆಲದ ಕಥೆ

ಕೆಲವರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತದೆ. ಕಪ್ಪಗೆ, ನುಣ್ಣಗೆ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕಲ್ಲು. ಅದರೊಳಗೆ ಚಕ್ರದಂಥ ಸುರುಳಿ. ಇದು ಎಲ್ಲಿಂದ ಬಂತು ಎಂದು ಅಜ್ಜಿಯನ್ನು ಕೇಳಿದರೆ "ಗಂಡಕಿ ನದಿಯಿಂದ" ಎನ್ನುತ್ತಾರೆ. ಅವರ ಮಾತು ನಿಜ. ನೇಪಾಳದ ಹಿಮಾಲಯದಿಂದ ಇಳಿದು ಬರುವ ಕಾಳಿ ಗಂಡಕಿಯ ಪಾತ್ರದಲ್ಲಿ ಈ ಕಲ್ಲುಗಳು ಸಿಗುತ್ತವೆ.

ಆದರೆ ಆ ಸುರುಳಿ ಏನು? ಅದು ಅಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಗುರುತು. ಡೈನೊಸಾರ್‌ಗಳ ಕಾಲದಲ್ಲಿ ಬದುಕಿದ್ದು, ಅವುಗಳ ಜೊತೆಗೇ ಅಳಿದುಹೋದ ಜೀವಿ. ಅದು ವಾಸಿಸುತ್ತಿದ್ದದ್ದು ಸಮುದ್ರದಲ್ಲಿ! ಹಾಗಾದರೆ ಸಮುದ್ರದ ಪ್ರಾಣಿ ಹಿಮಾಲಯವನ್ನು ಹತ್ತಿದ್ದು ಹೇಗೆ?

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಪ್ರತಿವರ್ಷ ಈ ಪ್ರಶ್ನೆಯಿಂದಲೇ ಪಾಠ ಶುರುಮಾಡುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಪ್ರಾಣಿ ಹತ್ತಿಲ್ಲ ಸರ್, ಸಮುದ್ರದ ತಳಾನೇ ಮ್ಯಾಲೆ ಹತ್ತಿರಬೇಕು" ಅಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆದರೆ ಅವನು ಹೇಳಿದ್ದೇ ಸರಿ.

ಹಾಲಿನ ಕೆನೆಯಂಥ ಚಿಪ್ಪು

ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವುದನ್ನು ನೋಡಿದ್ದೀರಲ್ಲ? ನಮ್ಮ ಭೂಮಿಯೂ ಸ್ವಲ್ಪ ಹಾಗೆಯೇ. ಮೇಲ್ಮೈಯಿಂದ ಅದರ ನಡುಮಧ್ಯಕ್ಕೆ ಸುಮಾರು 6,370 ಕಿಲೋಮೀಟರ್. ಅಷ್ಟು ದೊಡ್ಡ ಗೋಲದ ಮೇಲೆ ಗಟ್ಟಿಯಾದ ಹೊರಚಿಪ್ಪಿನ ದಪ್ಪ ಸುಮಾರು 100 ಕಿಲೋಮೀಟರ್ ಮಾತ್ರ. ಈ ಚಿಪ್ಪು ಅಖಂಡವಾಗಿಲ್ಲ. ಏಳೆಂಟು ದೊಡ್ಡ ಹೋಳುಗಳಾಗಿ, ಇನ್ನೂ ಹಲವು ಚಿಕ್ಕ ಹೋಳುಗಳಾಗಿ ಒಡೆದಿದೆ. ಇವನ್ನು ಭೂಫಲಕಗಳು ಎನ್ನುತ್ತಾರೆ. ಕೆಳಗಿರುವುದು ಹಾಲಿನಂಥ ದ್ರವವಲ್ಲ, ಬಿಸಿಯಾದ ಬಂಡೆಯೇ. ಆದರೆ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಆ ಬಂಡೆಯೂ ಮೆಲ್ಲಗೆ ಹರಿಯುತ್ತದೆ. ಅದರ ಮೇಲೆ ಫಲಕಗಳು ಸರಿಯುತ್ತವೆ.

ಭಾರತವಿರುವ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಈಶಾನ್ಯದ ಕಡೆಗೆ ಸರಿಯುತ್ತಿದೆ. ಇದನ್ನು ಅಳೆಯುವ ಜಿಪಿಎಸ್ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಮಕ್ಕಳೇ, ಒಂದು ಲೆಕ್ಕ ಮಾಡಿ. ನಿಮ್ಮ ಅಜ್ಜನಿಗೆ ಈಗ 70 ವರ್ಷ ಎಂದುಕೊಳ್ಳಿ. 70ನ್ನು 5ರಿಂದ ಗುಣಿಸಿದರೆ 350 ಸೆಂಟಿಮೀಟರ್, ಅಂದರೆ ಮೂರೂವರೆ ಮೀಟರ್. ಅಜ್ಜ ಹುಟ್ಟಿದ ಮನೆ ಅಂದು ಇದ್ದ ಜಾಗದಿಂದ ಒಂದು ಕೋಣೆಯಷ್ಟು ಮುಂದೆ ಹೋಗಿದೆ! ಮನೆಯ ಜೊತೆ ಬಾವಿ, ಬೇವಿನ ಮರ, ಊರು ಎಲ್ಲವೂ ಸರಿದದ್ದರಿಂದ ಅಜ್ಜನಿಗೆ ಗೊತ್ತಾಗಲಿಲ್ಲ, ಅಷ್ಟೆ.

ಹೀಗೆ ಸರಿಯುತ್ತಾ ಬಂದ ಭಾರತ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಎರಡರ ನಡುವೆ ಇದ್ದ ಟೆಥಿಸ್ ಸಮುದ್ರದ ತಳದ ಕೆಸರು ಕಲ್ಲಾಗಿ, ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಅದೇ ಹಿಮಾಲಯ. ಎವರೆಸ್ಟಿನ ತುದಿಯ ಸುಣ್ಣಕಲ್ಲಿನಲ್ಲೂ ಸಮುದ್ರಜೀವಿಗಳ ಗುರುತುಗಳಿವೆ. ದೇವರ ಪೆಟ್ಟಿಗೆಯ ಪುಟ್ಟ ಕಲ್ಲು ಆ ಮಹಾ ಡಿಕ್ಕಿಯ ಸಾಕ್ಷಿ.

ಮಲ್ಪೆಯ ಕಲ್ಲಿನ ಕಂಬಗಳು

ಎರಡನೆಯ ಕಲ್ಲು ನೋಡಲು ಉಡುಪಿಯ ಹತ್ತಿರದ ಮಲ್ಪೆಗೆ ಹೋಗಬೇಕು. ಅಲ್ಲಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಶಾಲೆಯ ಪ್ರವಾಸದಲ್ಲಿ ನಿಮ್ಮಲ್ಲಿ ಹಲವರು ನೋಡಿರಬಹುದು. ಯಾರೋ ಕಡೆದು ಸಾಲಾಗಿ ನಿಲ್ಲಿಸಿದಂತೆ ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳು. ಯಾವ ಶಿಲ್ಪಿಯೂ ಅವನ್ನು ಕಡೆದಿಲ್ಲ. ನೆಲದಾಳದಿಂದ ಉಕ್ಕಿ ಬಂದ ಲಾವಾ ತಣ್ಣಗಾಗುತ್ತಾ ಕುಗ್ಗಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರುಕು ಬಿಡುವಂತೆ ಅದೂ ಬಿರುಕು ಬಿಟ್ಟಿತು. ಆ ಬಿರುಕುಗಳು ಆಳಕ್ಕೆ ಇಳಿದು ಕಂಬಗಳಾದವು.

ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು! ಇಂದು ಆಫ್ರಿಕಾದ ಪಕ್ಕದಲ್ಲಿರುವ ಅದೇ ದೊಡ್ಡ ದ್ವೀಪ. ನೆಲ ಸೀಳಿ ಎರಡೂ ಬೇರೆಯಾಗುವ ಹೊತ್ತಿನಲ್ಲಿ ಲಾವಾ ಉಕ್ಕಿತು. ಅದೇ ವಯಸ್ಸಿನ ಲಾವಾಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಲ್ಪೆಯ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಆದ್ದರಿಂದ ಅಲ್ಲಿಗೆ ಹೋದಾಗ ನೆನಪಿಗೆಂದು ಒಂದು ಚೂರನ್ನೂ ಒಡೆದು ತರಬೇಡಿ.

ಅದಾದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇನ್ನೂ ದೊಡ್ಡ ಲಾವಾ ಪ್ರವಾಹ ಬಂತು. ಈಗಿನ ಮಹಾರಾಷ್ಟ್ರದ ಬಹುಭಾಗವನ್ನು, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ನೆಲವನ್ನು ಪದರ ಪದರವಾಗಿ ಮುಚ್ಚಿತು. ಆ ಲಾವಾವನ್ನು ಉಕ್ಕಿಸಿದ ಬಿಸಿ ಜಾಗದ ಮೇಲೆ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪವಿದೆ ಎನ್ನುತ್ತಾರೆ ಭೂವಿಜ್ಞಾನಿಗಳು. ಅಲ್ಲಿ ಈಗಲೂ ಜ್ವಾಲಾಮುಖಿ ಉಕ್ಕುತ್ತದೆ. ಒಲೆ ಅಲ್ಲೇ ಉಳಿಯಿತು, ಹಂಚು ಮುಂದೆ ಸರಿಯಿತು.

ಆ ಕಪ್ಪು ಕಲ್ಲೇ ಸವೆದು ಸವೆದು ಎರೆ ಮಣ್ಣಾಯಿತು. ಅದರಲ್ಲಿ ಬಿಳಿಜೋಳ ಬೆಳೆಯುತ್ತದೆ. ನೀವು ತಿನ್ನುವ ರೊಟ್ಟಿಯ ಹಿಂದೆಯೂ ಒಂದು ಜ್ವಾಲಾಮುಖಿಯ ಕಥೆ ಇದೆ.

ಗೋಡೆಯ ಕಲ್ಲು

ಮೂರನೆಯ ಕಲ್ಲೂ ಇದೇ ಕಪ್ಪು ಕಲ್ಲು. ಆದರೆ ಇದರ ಕಥೆ ಬೇರೆ.

1993ರ ಸೆಪ್ಟೆಂಬರ್ 30, ಗುರುವಾರ. ಹಿಂದಿನ ದಿನ ಅನಂತ ಚತುರ್ದಶಿ. ಮಹಾರಾಷ್ಟ್ರದ ಊರುಗಳಲ್ಲಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಬಳಿ ನೆಲ ನಡುಗಿತು. ಗಡಿಯ ಈಚೆ, ಬೀದರ್ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಹಲಗೆಯ ಮೇಲಿನ ತಂಬಿಗೆಗಳು ದಡದಡ ಉರುಳಿದವು. ನಾವೆಲ್ಲ ಅಂಗಳಕ್ಕೆ ಓಡಿದೆವು. ಕೊಟ್ಟಿಗೆಯಲ್ಲಿ ಎತ್ತುಗಳು ಹಗ್ಗ ಜಗ್ಗುತ್ತಿದ್ದವು. "ಆದಿಶೇಷ ಹೆಡಿ ಬದಲಿಸ್ಯಾನ" ಅಂದಳು ನಮ್ಮವ್ವ.

ನಾಲ್ಕನೆಯ ದಿನ ಊರಿನ ಹತ್ತಾರು ಜನ ಸೇರಿ ರೊಟ್ಟಿ, ಹಿಂಡಿ, ಕಂಬಳಿ ಕಟ್ಟಿಕೊಂಡು ಆ ಕಡೆಗೆ ಹೋದೆವು. ಊರುಗಳು ಕಲ್ಲಿನ ರಾಶಿಗಳಾಗಿದ್ದವು. ಸುಮಾರು 10 ಸಾವಿರ ಜನ ಸತ್ತಿದ್ದರು. ಕಂಪನದ ಪ್ರಮಾಣ 6.2. ಜಗತ್ತಿನಲ್ಲಿ ಇಷ್ಟು ಪ್ರಮಾಣದ ಭೂಕಂಪ ಪ್ರತಿವರ್ಷ ಹಲವಾರು ಬಾರಿ ಆಗುತ್ತದೆ. ಇಲ್ಲಿ ಇಷ್ಟೊಂದು ಜನ ಸಾಯಲು ಕಾರಣವೇನು?

ಕಾರಣ ಕಣ್ಣೆದುರೇ ಬಿದ್ದಿತ್ತು. ಅಲ್ಲಿನ ಮನೆಗಳ ಗೋಡೆ ಎರಡು, ಮೂರು ಅಡಿ ದಪ್ಪ. ಒಳಮೈಗೊಂದು ಸಾಲು, ಹೊರಮೈಗೊಂದು ಸಾಲು ಕಾಡುಗಲ್ಲು; ನಡುವೆ ಕಲ್ಲುಚೂರು ಮತ್ತು ಮಣ್ಣು. ಎರಡೂ ಸಾಲುಗಳನ್ನು ಬಿಗಿಯುವ ಉದ್ದ ಕಲ್ಲುಗಳಿರಲಿಲ್ಲ. ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬಿಸಿಲು ತಡೆಯಲಿ, ಮಳೆ ಸೋರದಿರಲಿ ಎಂದು ವರ್ಷ ವರ್ಷವೂ ಮಣ್ಣು ಹಾಕಿ ಹಾಕಿ ಮಾಳಿಗೆ ಭಾರವಾಗಿತ್ತು. ನೆಲ ಅಲುಗಿದಾಗ ಗೋಡೆಯ ಎರಡು ಸಾಲುಗಳು ಬೇರ್ಪಟ್ಟು ಕುಸಿದವು. ಆ ಕಲ್ಲು ಮಣ್ಣೆಲ್ಲ ಮಲಗಿದವರ ಮೇಲೆ ಬಿತ್ತು. ಅಂಥದೊಂದು ರಾಶಿಯ ಪಕ್ಕದಲ್ಲೇ ಹುಲ್ಲಿನ ಗುಡಿಸಲೊಂದು ಹಾಗೇ ನಿಂತಿತ್ತು.

ನೆಲ ಏಕೆ ನಡುಗಿತು? ಜೋಳದ ಚೀಲವನ್ನು ನೆಲದ ಮೇಲೆ ತಳ್ಳಿ ನೋಡಿ. ಮೊದಲು ಅಲುಗುವುದಿಲ್ಲ. ಇನ್ನಷ್ಟು ಬಲ ಹಾಕಿದಾಗ ತಟ್ಟನೆ ಜಾರುತ್ತದೆ. ಏಷ್ಯಾವನ್ನು ಒತ್ತುತ್ತಿರುವ ಭಾರತದ ಫಲಕದೊಳಗೂ ಹೀಗೆಯೇ ಒತ್ತಡ ಕೂಡುತ್ತದೆ. ನೆಲದಾಳದ ಹಳೆಯ ಬಿರುಕುಗಳು ತಡೆದು ತಡೆದು, ಒಂದು ದಿನ ಜಾರುತ್ತವೆ. ಹಿಮಾಲಯದಲ್ಲಿ ಇದು ಹೆಚ್ಚು, ನಮ್ಮ ಕಡೆ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕಿಲ್ಲಾರಿ ಆಗ ದೇಶದ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು.

ನಮ್ಮ ಮನೆಯೂ ಅಂಥದೇ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆ. ವಾಪಸು ಬಂದು ಮಾಳಿಗೆಯ ಮಣ್ಣು ಇಳಿಸೋಣ ಎಂದೆ. "ನಮ್ಮ ಮುತ್ಯಾನ ಕಾಲದ ಮನಿ, ನೂರು ವರ್ಷದಿಂದ ನಿಂತದ" ಎಂದು ಅಪ್ಪ ಒಪ್ಪಲಿಲ್ಲ. ಅವ್ವ ಮಾತ್ರ ಅಂದೇ ಮಕ್ಕಳ ಹಾಸಿಗೆ ಅಂಗಳಕ್ಕೆ ತಂದಳು. "ಸೋರಿದ್ರ ಸೋರ್ಲಿ. ತೋಯ್ದ ಹಾಸಿಗಿ ಒಣಗ್ತದ. ಮಣ್ಣು ಇಳಸ್ರಿ" ಅಂದಳು. ಅಪ್ಪ ಎದುರಾಡಲಿಲ್ಲ. ಹದಿನೈದು ದಿನ ನಾನೂ ಅಣ್ಣನೂ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಇಳಿಸಿದೆವು. ಮುಂದೆ ಕೈಯಲ್ಲಿ ಹಣ ಕೂಡಿದಾಗ ಮಾಳಿಗೆ ತೆಗೆದು ತಗಡು ಹೊದಿಸಿದೆವು.

ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ಮಾಡುವ ಕೆಲಸ

ಭೂಕಂಪ ಯಾವ ದಿನ, ಯಾವ ಗಂಟೆಗೆ ಬರುತ್ತದೆ ಎಂದು ಮುಂಚೆಯೇ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಹಾಗೆ ಹೇಳುವ ಸುದ್ದಿ ಮೊಬೈಲಿನಲ್ಲಿ ಬಂದರೆ ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ಆದರೆ ನಮ್ಮ ತಲೆಯ ಮೇಲೆ ಏನು ಬೀಳಬಹುದು ಎಂಬುದನ್ನು ಮಾತ್ರ ಇವತ್ತೇ ನೋಡಿಕೊಳ್ಳಬಹುದು.

ಈ ಭಾನುವಾರ ಅಜ್ಜನ ಕೈಹಿಡಿದು ಮನೆಯೆಲ್ಲ ಸುತ್ತಿ. ಮಂಚದ ಮೇಲ್ಗಡೆಯ ಅಟ್ಟದಲ್ಲಿ ಹಿತ್ತಾಳೆ ಹಂಡೆ, ಕಬ್ಬಿಣದ ಪೆಟ್ಟಿಗೆ ಇದ್ದರೆ ಕೆಳಗಿಳಿಸಿ. ದೊಡ್ಡ ಬೀರು ಅಲುಗುತ್ತಿದ್ದರೆ ಗೋಡೆಗೆ ಬಿಗಿಸಲು ಹೇಳಿ. ಬಾಗಿಲಿಗೆ ಅಡ್ಡವಾಗಿ ಏನನ್ನೂ ಇಡಬೇಡಿ. ಅಜ್ಜಿಯ ಕನ್ನಡಕ, ಚಪ್ಪಲಿ, ಟಾರ್ಚು ರಾತ್ರಿ ಕೈಗೆ ಸಿಗುವಲ್ಲಿ ಇರಲಿ.

ನೆಲ ನಡುಗಿದರೆ ಗಟ್ಟಿ ಮೇಜಿನ ಕೆಳಗೆ ಕುಳಿತು ಅದರ ಕಾಲು ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಕಿಟಕಿ, ಬೀರುಗಳಿಂದ ದೂರ ಬಗ್ಗಿ ಕುಳಿತು ಕೈಗಳಿಂದ ತಲೆ ಕತ್ತು ಮುಚ್ಚಿಕೊಳ್ಳಿ. ಬಗ್ಗಲಾಗದ ಅಜ್ಜ ಅಜ್ಜಿ ಮಂಚದಲ್ಲಿದ್ದರೆ ಅಲ್ಲೇ ದಿಂಬಿನಿಂದ ತಲೆ ಮುಚ್ಚಿಕೊಳ್ಳಲಿ. ಹಳೆಯ ಕಲ್ಲುಮಣ್ಣಿನ ಮನೆಯಾಗಿದ್ದು, ಬಾಗಿಲು ಎರಡೇ ಹೆಜ್ಜೆಯಲ್ಲಿದ್ದರೆ ಬಯಲಿಗೆ ಹೋಗುವುದು ಒಳ್ಳೆಯದು. ಲಿಫ್ಟ್ ಹತ್ತಬೇಡಿ. ನಡುಕ ನಿಂತ ಮೇಲೆ ಹೊರಗೆ ಬಂದು ಗೋಡೆ, ವಿದ್ಯುತ್ ಕಂಬಗಳಿಂದ ದೂರ ನಿಲ್ಲಿ. ಮತ್ತೆ ಸಣ್ಣ ಕಂಪನಗಳು ಬರಬಹುದು.

ಹೊಸ ಮನೆ ಕಟ್ಟಿಸುವ ಮಾತು ಮನೆಯಲ್ಲಿ ನಡೆದಿದ್ದರೆ ಮೇಸ್ತ್ರಿಗೆ ಒಂದು ಪ್ರಶ್ನೆ ಕೇಳಿ: "ನಾಲ್ಕೂ ಗೋಡೆಗಳನ್ನು ಸುತ್ತಿ ಬಿಗಿಯುವ ಕಾಂಕ್ರೀಟ್ ಪಟ್ಟಿ ಹಾಕುತ್ತೀರಾ?" ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಒಂದೇ ಸಮ ಓಡುವ ಈ ಪಟ್ಟಿ, ಪೆಟ್ಟಿಗೆಗೆ ಕಟ್ಟಿದ ಹಗ್ಗದ ಹಾಗೆ. ಗೋಡೆಗಳು ಒಂದೊಂದು ದಿಕ್ಕಿಗೆ ಬೀಳದಂತೆ ಹಿಡಿಯುತ್ತದೆ. ಕಲ್ಲುಗೋಡೆಯಾದರೆ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡಿಸಿ. ಇದಕ್ಕೆ ಆಗುವ ಖರ್ಚು ಮನೆಯ ಒಟ್ಟು ಖರ್ಚಿನಲ್ಲಿ ಸ್ವಲ್ಪವೇ.

ನೆಲ ಸರಿಯುವುದನ್ನು ನಾವು ನಿಲ್ಲಿಸಲಾರೆವು. ಅದು ಸರಿದದ್ದರಿಂದಲೇ ಹಿಮಾಲಯ ಎದ್ದಿತು, ಗಂಗೆ ಹರಿದಳು. ಆದರೆ ಗೋಡೆ ಕಟ್ಟುವವರು ನಾವು. ಅದನ್ನು ಬಿಗಿಯಾಗಿ ಕಟ್ಟುವುದು ನಮ್ಮ ಕೈಯಲ್ಲಿದೆ.